ಎರಡೂ ಎಡಗೈ ತೋಳು

ಮಾರ್ಚ್ 3

ಪ್ರೀತಿಯ ಚೋಟು,

ನಿನ್ನ ಬಿಳಿ ಕೋಟು ಮುಗಿಯಿತು. ಕುಣಿದಾಡುವ ಮೊದಲು ಪೂರ್ತಿ ಓದು. ಅತ್ತೆ ಎರಡು ತೋಳನ್ನೂ ಎಡಗೈಗೇ ಕತ್ತರಿಸಿದ್ದಾರೆ.

ನಾನು ಈ ಮನೆಗೆ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷ. ಅಷ್ಟು ವರ್ಷವೂ ಒಂದೇ ಮೇಜಿನ ಆ ಕಡೆ ಅವರು, ಈ ಕಡೆ ನಾನು. ಅವರ ಕತ್ತರಿ ಒಂದು ನೂಲು ಆಚೀಚೆ ಹೋದದ್ದನ್ನು ನಾನು ಕಂಡಿಲ್ಲ. ಬಟ್ಟೆಯನ್ನು ಮಡಿಸಿ ಕತ್ತರಿಸಿದರೆ ಎಡ ಬಲ ಜೋಡಿ ತಾನಾಗಿ ಬರುತ್ತದೆ; ಹೊಲಿಗೆ ಕಲಿಯಲು ಬಂದವರಿಗೆ ಮೊದಲ ವಾರವೇ ಹೇಳಿಕೊಡುವ ವಿಷಯ ಅದು. ಅತ್ತೆ ಮಡಿಸಲಿಲ್ಲ. ಒಂದರ ಮೇಲೊಂದು ತುಂಡು ಹಾಸಿ ಕತ್ತರಿ ಆಡಿಸಿಬಿಟ್ಟರು. ನಿನ್ನ ಕೋಟಿನ ಬಟ್ಟೆಗೆ ಒಂದು ಮುಖ ನುಣುಪು, ಇನ್ನೊಂದು ಮುಖ ಒರಟು. ತಿರುಗಿಸಿ ಹಾಕುವ ಹಾಗೂ ಇಲ್ಲ.

"ಅತ್ತೆ, ಇದು ಎರಡೂ ಎಡಗೈದು ಕಣ್ರೀ" ಅಂದೆ.

"ಅವಳಿಗೆ ಹಾಗೇ ಬೇಕಂತೆ" ಅಂದು ಜೋಡಿಸಿ ಹೊಲಿದೇ ಬಿಟ್ಟರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ.

ಅವತ್ತೇ ಮಧ್ಯಾಹ್ನ ನನ್ನನ್ನು "ಅಕ್ಕಾ" ಅಂತ ಕರೆದರು. ಅವರ ಅಕ್ಕ ಸತ್ತು ಎಷ್ಟು ವರ್ಷವಾಯಿತು ಅಂತ ನಿನಗೇ ಗೊತ್ತು. ಮಾರನೆಯ ಬೆಳಿಗ್ಗೆ ಮಾತ್ರ ಎಂದಿನ ಅತ್ತೆಯೇ: "ಈ ಬಟನ್ ಕಾಜ ಏನು ಕಣ್ಣು ಮುಚ್ಕೊಂಡು ಹೊಲಿದ್ಯಾ?" ಸಂಜೆಯಾದರೆ ಮತ್ತೆ ಮಂಕು. ಜ್ವರವಿಲ್ಲ. ನಮ್ಮ ಬೀದಿಯ ಡಾಕ್ಟರು ನಾಡಿ ಹಿಡಿದು "ವಯಸ್ಸಾಯ್ತಲ್ಲಮ್ಮ" ಅಂದರು. ಆ ಮಾತಿಗೆ ಅವರ ಹತ್ತಿರ ಹೋಗಬೇಕಿತ್ತೇ, ನಾನೇ ಹೇಳುತ್ತಿದ್ದೆ.

ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಲಾ? ಬರುವುದಿಲ್ಲ ಅಂತ ಹಟ ಹಿಡಿದಿದ್ದಾರೆ. ನೀನು ಹೇಳಿದರೆ ಕೇಳುತ್ತಾರೆ. ನೀನು ಮಿದುಳಿನ ಕೆಲಸದವಳು, ನಿನಗೆ ತಿಳಿದಷ್ಟು ನನಗೆ ತಿಳಿಯದು. ಫೋನಿನಲ್ಲಿ ಹೇಳೋಣವೆಂದರೆ ಅಂಗಡಿ, ಪರದೆ, ಪರದೆಯ ಹಿಂದೆ ಕೋಣೆ, ಇಷ್ಟೇ ನಮ್ಮ ಮನೆ. ಅವರಿಗೆ ಎಲ್ಲ ಕೇಳಿಸುತ್ತದೆ. ಅದೂ ಅಲ್ಲದೆ, ನಿಮ್ಮಣ್ಣ ತೀರಿಹೋದ ಮೇಲೆ ನಾವಿಬ್ಬರೂ ಜಗಳವಿಲ್ಲದೆ ಐದು ನಿಮಿಷ ಫೋನಿನಲ್ಲಿ ಮಾತಾಡಿದ್ದಿಲ್ಲ. ಕಾಗದದಲ್ಲಿ ಯಾರೂ ನಡುವೆ ಬಾಯಿ ಹಾಕುವಂತಿಲ್ಲ.

ಬೇಗ ಬರೆ.

ನಿನ್ನ ಅತ್ತಿಗೆ

*

ಮಾರ್ಚ್ 8

ಅತ್ತಿಗೆ,

ನಿಮ್ಮ ಪತ್ರ ನಿನ್ನೆ ಸಿಕ್ಕಿತು. ಗಾಬರಿಯಾಗಬೇಡಿ. ಒಂದು ಕೋಟು ನೋಡಿ ಒಬ್ಬರ ತಲೆ ಕೆಟ್ಟಿದೆ ಅನ್ನಲಾಗುವುದಿಲ್ಲ.

ನನ್ನ ಕೆಲಸ ಏನೆಂದು ನೀವು ಒಮ್ಮೆಯೂ ಕೇಳಿಲ್ಲ. ಅಮ್ಮ ಅಂಗಡಿಗೆ ಬಂದವರಿಗೆಲ್ಲ "ನಾನು ಬಟ್ಟೆ ಕತ್ತರಿಸ್ತೀನಿ, ನನ್ನ ಮಗಳು ಮಿದುಳು ಕತ್ತರಿಸ್ತಾಳೆ" ಅನ್ನುತ್ತಾಳೆ. ಇಲಿಯ ಮಿದುಳು ಅನ್ನುವುದನ್ನು ಮಾತ್ರ ನುಂಗಿಕೊಳ್ಳುತ್ತಾಳೆ. ಕೂದಲಿಗಿಂತ ತೆಳ್ಳಗೆ ಹೋಳು ಮಾಡಿ, ಬಣ್ಣ ಹಾಕಿ, ಗಾಜಿಗೆ ಅಂಟಿಸಿ, ಮೈಕ್ರೋಸ್ಕೋಪಿನ ಕೆಳಗೆ ಕೋಶಗಳನ್ನು ಎಣಿಸುತ್ತೇನೆ. ಅರ್ಧ ಇಲಿಗಳಿಗೆ ಹೊಟ್ಟೆಯಲ್ಲಿ ಉರಿಯೂತ ಬರಿಸಿರುತ್ತಾರೆ, ಇನ್ನರ್ಧಕ್ಕೆ ಬರೀ ಉಪ್ಪುನೀರಿನ ಚುಚ್ಚುಮದ್ದು. ಯಾವುದು ಯಾವುದೆಂದು ಎಣಿಸುವವಳಿಗೆ ಹೇಳುವುದಿಲ್ಲ. ಗಾಜಿನ ಮೇಲೆ ನಂಬರು ಮಾತ್ರ. ಗುಟ್ಟು ನಮ್ಮ ಮೇಡಂ ಡ್ರಾಯರಿನಲ್ಲಿ, ಅಂಟಿಸಿದ ಲಕೋಟೆಯಲ್ಲಿ. ಮೊದಲೇ ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ನಾನು ಸೇರಿದ ದಿನ ಮೇಡಂ ಹೇಳಿದ್ದು ಇಷ್ಟೇ: "ನೋಡು, ಎಣಿಸು, ಬರಿ. ಹೆಸರಿಡಬೇಡ."

ನೀವೂ ಹಾಗೇ ಮಾಡಿ. ಒಂದು ನೋಟ್‌ಬುಕ್ ತೆಗೆದುಕೊಂಡು ಹದಿನಾಲ್ಕು ದಿನ ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆಯಿರಿ. ಒಳ್ಳೆಯದು ಕೆಟ್ಟದ್ದು ಅಂತ ಆರಿಸಬೇಡಿ, ಹೀಗಿರಬಹುದು ಹಾಗಿರಬಹುದು ಅಂತ ಊಹಿಸಬೇಡಿ. ಆಮೇಲೆ ನಾನೇ ರಜೆ ಹಾಕಿ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಕೈಯಲ್ಲಿ ದಾಖಲೆ ಇದ್ದರೆ ಯಾವ ಡಾಕ್ಟರೂ ವಯಸ್ಸಾಯ್ತು ಅಂತ ಸಾಗಹಾಕಲು ಆಗುವುದಿಲ್ಲ.

ಕೋಟು ಇಟ್ಟುಕೊಂಡಿರಿ. ಬಂದಾಗ ಅಮ್ಮನಿಗೇ ತೊಡಿಸಿ ನೋಡುತ್ತೇನೆ.

ಚೋಟು

*

ಮಾರ್ಚ್ 17

ಚೋಟು,

ನಿನ್ನ ಅಪ್ಪಣೆಯಂತೆ ಬರೆದಿದ್ದೇನೆ. ಐದು ದಿನದ್ದನ್ನು ನಕಲು ಮಾಡಿ ಕಳಿಸುತ್ತಿದ್ದೇನೆ. ಶಾಲೆಯಲ್ಲಿ ಇಷ್ಟು ಶ್ರದ್ಧೆಯಿಂದ ಬರೆದಿದ್ದರೆ ನಾನೂ ಮಿದುಳು ಕತ್ತರಿಸುತ್ತಿದ್ದೆ.

ಮೊದಲ ದಿನ. ಬೆಳಿಗ್ಗೆ ಚೆನ್ನಾಗಿದ್ದರು. ಹನ್ನೊಂದಕ್ಕೆ ಮೆಷಿನ್ ಮುಂದೆ ಕೂತಲ್ಲೇ ನಿದ್ದೆ. ಎಬ್ಬಿಸಿದರೆ "ಬಸ್ಸು ಬಂತಾ?" ಅಂದರು.

ಎರಡನೇ ದಿನ. ಗೋಡೆಯ ಮೇಲೆ ಇರುವೆ ಸಾಲು ಇದೆ ಅಂದರು. ಇರಲಿಲ್ಲ. ಕೈಯಿಂದ ಒರೆಸಿ ಒರೆಸಿ ಸುಸ್ತಾದರು.

ಮೂರನೇ ದಿನ. ಇದು ಒಳ್ಳೆಯ ಸುದ್ದಿ. ಬಾಯಲ್ಲಿ ಗುಂಡುಸೂಜಿ ಇಟ್ಟುಕೊಳ್ಳಲಿಲ್ಲ! ಎಲ್ಲವನ್ನೂ ತಟ್ಟೆಗೆ ಹಾಕಿಕೊಂಡು ಒಂದೊಂದೇ ತೆಗೆದು ಚುಚ್ಚಿದರು. ನಾನು ಬಾಯಿಬಿಟ್ಟು ನೋಡುತ್ತಿದ್ದೆ. ನಿನ್ನೆ, ಮೊನ್ನೆಯೂ ಇಟ್ಟುಕೊಂಡ ನೆನಪಿಲ್ಲ.

ನಾಲ್ಕನೇ ದಿನ. ಊಟ ಸೇರಲಿಲ್ಲ. ಹಾಲಿನಲ್ಲಿ ಬ್ರೆಡ್ಡು ಅದ್ದಿ ತಿಂದರು. ಮಾತು ಕಡಿಮೆ. ಒಮ್ಮೆ ನಿನ್ನ ಹೆಸರು ಹಿಡಿದು ಕರೆದು, "ಕೊಡೆ ತಗೊಂಡು ಹೋಗು" ಅಂದರು. ಹೊರಗೆ ಸುಡುವ ಬಿಸಿಲು.

ಐದನೇ ದಿನ. ಗಿರಾಕಿಯೊಬ್ಬರ ಅಳತೆ ತೆಗೆದರು. ಒಂದಿಂಚೂ ತಪ್ಪಿಲ್ಲ. ಆದರೆ ತೆಗೆದ ಮೇಲೆ ಆಕೆ ಯಾರೆಂದು ನನ್ನ ಕಿವಿಯಲ್ಲಿ ಮೂರು ಸಲ ಕೇಳಿದರು.

ಊಹಿಸಬೇಡಿ ಅಂದಿದ್ದೀಯ, ಊಹಿಸುತ್ತಿಲ್ಲ. ಆದರೆ ನನಗೆ ಹೆದರಿಕೆಯಾಗುತ್ತಿದೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕೋ ಬೇಡವೋ ಗೊತ್ತಾಗಲಿಲ್ಲ, ಇಲ್ಲಿ ಬರೆದಿದ್ದೇನೆ.

ಅತ್ತಿಗೆ

*

ಮಾರ್ಚ್ 21

ಅತ್ತಿಗೆ,

ತುಂಬ ಚೆನ್ನಾಗಿ ಬರೆದಿದ್ದೀರಿ. ನಮ್ಮಲ್ಲಿಗೆ ಬಂದರೆ ಮೇಡಂ ನಿಮ್ಮನ್ನು ಕೆಲಸಕ್ಕೆ ಸೇರಿಸಿಕೊಂಡು ನನ್ನನ್ನು ಮನೆಗೆ ಕಳಿಸುತ್ತಾರೆ.

ಒಂದು ದಿನ ಸರಿ, ಒಂದು ದಿನ ಮಂಕು: ಹೀಗೆ ಏರಿಳಿತವಿದೆ. ಉಳಿದ ದಿನಗಳೂ ಬರಲಿ. ಈಗಲೇ ಏನೂ ಹೇಳುವುದಿಲ್ಲ.

ಗುಂಡುಸೂಜಿ ಬಿಟ್ಟಳೇ! ಓದಿ ಒಬ್ಬಳೇ ನಕ್ಕೆ. ಅಪ್ಪ ಬೇಡಿಕೊಂಡರೂ ಬಿಡಲಿಲ್ಲ, ಅಣ್ಣ ಹೆದರಿಸಿದರೂ ಬಿಡಲಿಲ್ಲ. ಯಾವಾಗಲೂ ಆರು. ಎಡಕ್ಕೆ ಮೂರು, ಬಲಕ್ಕೆ ಮೂರು. ಅವಳು ನನಗೆ ಬೈದದ್ದೆಲ್ಲ ಆ ಆರು ಸೂಜಿಯ ನಡುವಿನಿಂದಲೇ. ತುಟಿ ಅಲ್ಲಾಡದೆ ಬರುವ ಬೈಗುಳಕ್ಕೆ ನನಗೆ ಜಾಸ್ತಿ ಭಯ. ನುಂಗಿಬಿಟ್ಟರೆ ಏನು ಗತಿ ಅಂತ ಚಿಕ್ಕಂದಿನಲ್ಲಿ ಅವಳ ಗಂಟಲನ್ನೇ ನೋಡುತ್ತ ಕೂರುತ್ತಿದ್ದೆ. ಅಂತೂ ಈ ವಯಸ್ಸಿಗೆ ಬುದ್ಧಿ ಬಂತು. ಎಲ್ಲ ಕೆಟ್ಟ ಸುದ್ದಿಯ ನಡುವೆ ಇದೊಂದು ಸಮಾಧಾನ.

ಇನ್ನು ಕೆಲವೇ ದಿನ. ರಜೆಗೆ ಬರೆದುಕೊಟ್ಟಿದ್ದೇನೆ.

ಚೋಟು

*

ಏಪ್ರಿಲ್ 9

ಚೋಟು,

ನೀನು ಬಸ್ಸು ಹತ್ತಿದ ಮೇಲೆ ನಾನು ಆಸ್ಪತ್ರೆಗೆ ವಾಪಸು ಹೋದೆ. ನೀನಿದ್ದ ನಾಲ್ಕು ದಿನ ನಾವಿಬ್ಬರೂ ಔಷಧಿ, ಬಿಸಿನೀರು, ಹಾಸಿಗೆ ಬಟ್ಟೆ, ಹೆಚ್ಚುಕಡಿಮೆ ಇಷ್ಟನ್ನೇ ಮಾತಾಡಿದೆವು. ನೋಟ್‌ಬುಕ್ಕಿನ ಹದಿಮೂರನೆಯ ದಿನ ಬೆಳಿಗ್ಗೆ ಏನಾಯಿತೆಂದು ಫೋನಿನಲ್ಲಿ ಅರ್ಧ ಹೇಳಿದ್ದೆ. ಉಳಿದರ್ಧ ಕೇಳು.

ಎಬ್ಬಿಸಿದರೆ ಏಳಲಿಲ್ಲ. ಕಣ್ಣು ತೆರೆದಿತ್ತು, ನೋಟ ಎಲ್ಲೋ. ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವರು ಮತ್ತು ನಾನು ಇಬ್ಬರೇ ಎತ್ತಿ ಆಟೋದಲ್ಲಿ ಮಲಗಿಸಿದೆವು. ಆಸ್ಪತ್ರೆಯಲ್ಲಿ ಒಬ್ಬರು ಡಾಕ್ಟರಮ್ಮ, ಚಿಕ್ಕ ವಯಸ್ಸು, ತಲೆ ನೋಡಲಿಲ್ಲ, ಮೊದಲು ಬಾಯಿ ತೆರೆಸಿ ಟಾರ್ಚ್ ಹಾಕಿದರು. ಕೆಳಗಿನ ಕೊನೆಯ ದವಡೆ ಹಲ್ಲಿನ ಬುಡದಲ್ಲಿ ವಸಡು ಊದಿ ಕೀವು ಕಟ್ಟಿತ್ತು. ಕೀವಿನ ವಿಷ ರಕ್ತಕ್ಕೆ ಸೇರಿತ್ತು.

"ಎಷ್ಟು ದಿನದಿಂದ ಹೀಗಿದೆ?"

"ನೋವು ಅಂತ ಅವರು ಹೇಳಲೇ ಇಲ್ಲ."

"ಈ ವಯಸ್ಸಲ್ಲಿ ಹೇಳಲ್ಲ ಅಮ್ಮಾ. ಜ್ವರಾನೂ ಬರಲ್ಲ. ತಲೆ ಮಾತ್ರ ಕೆಡುತ್ತೆ. ಬಾಯಲ್ಲಿ ಏನಾದ್ರೂ ವ್ಯತ್ಯಾಸ ಕಂಡಿತ್ತಾ?"

ನಿನ್ನ ಪತ್ರ ಚೀಲದಲ್ಲೇ ಇತ್ತು.

ಈಗ ಹಲ್ಲು ಕಿತ್ತಾಗಿದೆ, ಕೀವು ಒಣಗಿದೆ, ರಕ್ತ ಸರಿಯಾಗಿದೆ ಅನ್ನುತ್ತಾರೆ. ನಾಳಿದ್ದು ಮನೆಗೆ. ನೀನು ಹೊರಡುವ ದಿನ ನಿನ್ನನ್ನು ಗಿರಾಕಿ ಅಂದುಕೊಂಡು ಭುಜದಿಂದ ಮಣಿಕಟ್ಟಿನವರೆಗೆ ಗೇಣು ಹಾಕಿದರಲ್ಲ, ನೀನು ಹೋದ ಮೇಲೂ ಕಂಬಳಿಯನ್ನು ಹಾಗೇ ಅಳೆಯುತ್ತಿದ್ದರು. "ಆ ಹುಡುಗಿ ಅತ್ತಳಲ್ಲ, ಯಾಕೆ? ಬಟ್ಟೆ ಸರಿ ಆಗ್ಲಿಲ್ವಾ?" ಅಂತ ಕೇಳಿದರು.

ನೋಟ್‌ಬುಕ್ ನೀನು ಕೇಳಲಿಲ್ಲ. ನಾನೇ ನಿನ್ನ ಚೀಲಕ್ಕೆ ಹಾಕಿದ್ದೇನೆ.

ಅತ್ತಿಗೆ

*

ಏಪ್ರಿಲ್ 20

ಅತ್ತಿಗೆ,

ಅಮ್ಮ ಮನೆಗೆ ಬಂದದ್ದು ಕೇಳಿ ನೆಮ್ಮದಿಯಾಯಿತು. ಹಲ್ಲಿಗೂ ತಲೆಗೂ ಏನು ಸಂಬಂಧ ಅಂತ ನೀವು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೇಳಿದಿರಿ. ಈಗ ಹೇಳುತ್ತೇನೆ.

ಮಿದುಳಿನಲ್ಲಿ ಯೋಚಿಸುವ ನರಕೋಶಗಳಷ್ಟೇ ಇಲ್ಲ. ಅವುಗಳನ್ನು ನೋಡಿಕೊಳ್ಳುವ ಆಸರೆ ಕೋಶಗಳೂ ಇವೆ. ಕೆಲವು ಉಣಿಸುತ್ತವೆ, ಕೆಲವು ಕಸ ಗುಡಿಸುತ್ತವೆ, ಕಾವಲೂ ಕಾಯುತ್ತವೆ. ನಾನು ಎಣಿಸುವುದು ಈ ಕಾವಲಿನವುಗಳನ್ನೇ. ಸುಮ್ಮನಿದ್ದಾಗ ಅವಕ್ಕೆ ತೆಳ್ಳನೆಯ ಉದ್ದುದ್ದ ಕೈಗಳು. ಆ ಕೈ ಚಾಚಿ ಅಕ್ಕಪಕ್ಕದ ನರಕೋಶಗಳನ್ನು ಮುಟ್ಟಿ ಮುಟ್ಟಿ ನೋಡುತ್ತಲೇ ಇರುತ್ತವೆ, ನೀವು ಅಮ್ಮನ ಹಣೆ ಮುಟ್ಟಿ ನೋಡುವ ಹಾಗೆ. ದೇಹದಲ್ಲಿ ಎಲ್ಲಾದರೂ, ಹೊಟ್ಟೆಯಲ್ಲೋ ಹಲ್ಲಿನಲ್ಲೋ, ಉರಿಯೂತವಾದರೆ ರಕ್ತದ ಮೂಲಕ ಸುದ್ದಿ ಮುಟ್ಟುತ್ತದೆ. ಸೋಂಕು ಮಿದುಳಿಗೆ ಬರಬೇಕೆಂದೇ ಇಲ್ಲ, ಸುದ್ದಿ ಬಂದರೆ ಸಾಕು. ಕೋಶಗಳು ಕೈಗಳನ್ನು ಒಳಗೆ ಎಳೆದುಕೊಂಡು ಉಂಡೆಯಾಗಿ ಊದಿಕೊಳ್ಳುತ್ತವೆ. ಜಗಳಕ್ಕೆ ನಿಲ್ಲುತ್ತವೆ. ಆಗ ನೋಡಿಕೊಳ್ಳುವ ಕೆಲಸ ನಿಂತುಹೋಗುತ್ತದೆ. ತೋಳು ಎಡವೋ ಬಲವೋ ತಿಳಿಯದೆ ಹೋಗುವುದು ಆಗ.

ಆದರೆ ಉರಿಯೂತ ಇಳಿದರೆ ಅವು ಮತ್ತೆ ಕೈ ಚಾಚುತ್ತವೆ. ನಾನೇ ಕಣ್ಣಾರೆ ಕಂಡಿದ್ದೇನೆ. ಆರು ವಾರ ಕೊಡಿ. ಅವಳ ಕತ್ತರಿ, ಅವಳ ಮೇಜು, ಅವಳ ಕುರ್ಚಿ ಎಲ್ಲ ಇದ್ದಲ್ಲೇ ಇರಲಿ. ಹಗಲು ಬೆಳಕಿನಲ್ಲಿ ಕೂರಿಸಿ, ಹೆಸರು ಹೇಳಿ ಮಾತಾಡಿಸುತ್ತಿರಿ.

ಹಲ್ಲಿನ ವಿಷಯ ಯಾರೂ ಊಹಿಸುವುದು ಸಾಧ್ಯವಿರಲಿಲ್ಲ. ನೀವು ನೊಂದುಕೊಳ್ಳಬೇಡಿ.

ಚೋಟು

*

ಜೂನ್ 14

ಚೋಟು,

ಆರು ವಾರ ಅಂದಿದ್ದೆ. ಎಂಟಾಯಿತು.

ದಿನಾ ಬೆಳಿಗ್ಗೆ ಮೇಜಿನ ಮುಂದೆ ಕೂರಿಸುತ್ತೇನೆ. ಕತ್ತರಿ ಕೈಗೆ ಕೊಟ್ಟರೆ ಹಿಡಿಯುತ್ತಾರೆ, ಬಟ್ಟೆ ಹಾಸಿದರೆ ಸುಕ್ಕು ತೆಗೆಯುತ್ತಾರೆ, ಅಷ್ಟೇ. ಮೊದಲಾದರೂ ಬೆಳಿಗ್ಗೆ ಸರಿಯಿರುತ್ತಿದ್ದರು. ಈಗ ಬೆಳಿಗ್ಗೆ ಸಂಜೆ ಒಂದೇ. ನನ್ನನ್ನು ಅಕ್ಕ ಅನ್ನುವುದನ್ನೂ ನಿಲ್ಲಿಸಿದ್ದಾರೆ. ಆಗ ಸಿಟ್ಟು ಬರುತ್ತಿತ್ತು, ಈಗ ಯಾರಾದರೂ ಆಗಿ ಕರೆದರೆ ಸಾಕು ಅನ್ನಿಸುತ್ತದೆ.

ಮೊನ್ನೆ ಒಂದು ಮೂರ್ಖತನ ಮಾಡಿದೆ. ಬೇಕಂತಲೇ ಕಾಜವನ್ನು ಸೊಟ್ಟಗೆ ಹೊಲಿದು ಅವರ ಮುಂದೆ ಹಿಡಿದೆ. ಬೈಯಲಿ ಅಂತ. ಹತ್ತೊಂಬತ್ತು ವರ್ಷ ಬೈಸಿಕೊಂಡವಳು ನಾನು, ಒಂದು ಬೈಗುಳಕ್ಕೆ ಕಾದು ನಿಂತಿದ್ದೆ. "ಚೆನ್ನಾಗಿದೆ" ಅಂದರು. ಒಳಗೆ ಹೋಗಿ ಅತ್ತುಬಿಟ್ಟೆ.

ನಿನ್ನ ಕೋಟನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಬಿಚ್ಚಿ ಒಂದು ಬಲತೋಳು ಹಾಕುವಷ್ಟು ಬಟ್ಟೆ ಮಿಕ್ಕಿತ್ತು. ಕತ್ತರಿ ಎತ್ತಿಕೊಂಡೆ, ಮನಸ್ಸು ಬರಲಿಲ್ಲ. ಅದು ಅವರು ಪೂರ್ತಿ ಹೊಲಿದು ಮುಗಿಸಿದ ಕೊನೆಯ ಬಟ್ಟೆ. ಹೊಲಿಗೆ ನೋಡು, ಎಷ್ಟು ನೇರವಾಗಿದೆ.

ಆರು ವಾರ ಆದಮೇಲೆ ಏನು ಅಂತ ನೀನು ಬರೆದಿರಲಿಲ್ಲ. ಈಗ ಬರೆ. ಇಲಿಯ ಕಥೆ ಬೇಡ.

ಅತ್ತಿಗೆ

*

ಆಗಸ್ಟ್ 11

ಅತ್ತಿಗೆ,

ಎರಡು ತಿಂಗಳು ಸುಮ್ಮನಿದ್ದೆ. ಮೂರು ಸಲ ಬರೆದು ಹರಿದೆ.

ಇಲಿಯ ಕಥೆ ಬೇಡ ಅಂದಿರಿ, ಆದರೂ ಒಂದೇ ಒಂದು ಮಾತು ಅದರಿಂದಲೇ ಹೇಳಬೇಕು. ಕಳೆದ ವಾರ ಮೇಡಂ ಲಕೋಟೆ ತೆರೆದರು. ನಾನು ಕಣ್ಣಾರೆ ಕಂಡೆ ಅಂದೆನಲ್ಲ, ಮತ್ತೆ ಕೈ ಚಾಚಿದ ಕೋಶಗಳು, ಅವೆಲ್ಲ ಎಳೆಯ ಇಲಿಗಳದ್ದು. ಮುದಿ ಇಲಿಗಳಲ್ಲಿ ಉರಿಯೂತ ಇಳಿದು ಎಷ್ಟೋ ದಿನವಾದರೂ ಕೋಶಗಳು ಊದಿಕೊಂಡೇ ಇದ್ದವು. ವಯಸ್ಸಾದ ಕೋಶಗಳು ಮೊದಲೇ ಅರ್ಧ ರೇಗಿಕೊಂಡಿರುತ್ತವೆ, ಒಂದು ಕಿಡಿ ಬಿದ್ದರೆ ಅತಿಯಾಗಿ ಹೊತ್ತಿಕೊಳ್ಳುತ್ತವೆ. ಹೀಗಾಗಬಹುದೆಂದು ಏಪ್ರಿಲಿನಲ್ಲೂ ನನಗೆ ಗೊತ್ತಿತ್ತು. ನಮ್ಮ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆರು ವಾರ ಅಂದದ್ದು ನನ್ನ ಬಾಯಿಗೆ ಬಂದ ಲೆಕ್ಕ. ಅಮ್ಮ ಇನ್ನು ವಾಪಸು ಬರುತ್ತಾಳೆ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನೊಂದು. ಯಾರೂ ಊಹಿಸುವುದು ಸಾಧ್ಯವಿರಲಿಲ್ಲ ಅಂತ ಬರೆದೆ. ಸುಳ್ಳು. ನೀವು ಮೂರನೇ ದಿನವೇ ಬರೆದಿದ್ದಿರಿ. ಐವತ್ತು ವರ್ಷದಿಂದ ಬಾಯಲ್ಲಿ ಸೂಜಿ ಕಚ್ಚಿ ಕೆಲಸ ಮಾಡಿದ ಹೆಂಗಸು ಕಚ್ಚುವುದನ್ನು ಬಿಟ್ಟಳು ಅಂದರೆ ಕಚ್ಚಲು ಆಗುತ್ತಿಲ್ಲ ಅಂತ ಅರ್ಥ. ದೇಹದ ಉರಿಯೂತ ಮಿದುಳಿಗೆ ಏನು ಮಾಡುತ್ತದೆಂದು ನೋಡುವುದೇ ನನ್ನ ಹೊಟ್ಟೆಪಾಡು. ತಲೆ ಏಕಾಏಕಿ ಕೆಟ್ಟರೆ ದೇಹದಲ್ಲಿ ಎಲ್ಲಿ ಉರಿಯುತ್ತಿದೆ ಅಂತ ಹುಡುಕಬೇಕು ಅಂತ ನನಗೆ ಗೊತ್ತಿರಬೇಕೋ, ಬಟನ್ ಹೊಲಿಯುವ ನಿಮಗೋ? ನಾನು ಓದಿ ನಕ್ಕೆ. ಸಮಾಧಾನ ಅಂತ ಬರೆದೆ. ನೀವು ಆಸ್ಪತ್ರೆಗೆ ಕರೆದುಕೊಂಡು ಹೋಗಲಾ ಅಂತ ಕೇಳಿದಾಗ ಹದಿನಾಲ್ಕು ದಿನ ಕೂತು ಬರೆಯಿರಿ ಅಂದೆ. ಎಣಿಸುವುದೊಂದೇ ಗೊತ್ತಿದ್ದ ನಾನು ಅಮ್ಮನನ್ನೂ ನಂಬರು ಬರೆದ ಗಾಜಿನ ಹಾಗೆ ಇಟ್ಟುಕೊಂಡು ಕೂತೆ.

ನೋಟ್‌ಬುಕ್ ಏಪ್ರಿಲಿನಿಂದ ನನ್ನ ಕಪಾಟಿನಲ್ಲಿದೆ. ನನಗೆ ಕಳಿಸಿದ ಐದು ದಿನದ ಆಮೇಲೆಯೂ ಪ್ರತಿ ದಿನದ ಕೊನೆಯಲ್ಲಿ ನೀವು ಒಂದು ಸಾಲು ಬರೆದಿದ್ದೀರಿ: ಸೂಜಿ ತಟ್ಟೆಯಲ್ಲಿ. ಸೂಜಿ ತಟ್ಟೆಯಲ್ಲಿ. ಹನ್ನೆರಡನೇ ದಿನದವರೆಗೂ.

ಕೋಟು ತೊಟ್ಟುಕೊಂಡೇ ಕೆಲಸ ಮಾಡುತ್ತೇನೆ. ಬಲಗೈ ಎತ್ತಿದಾಗೆಲ್ಲ ತೋಳು ಹಿಂದಕ್ಕೆ ಎಳೆಯುತ್ತದೆ. ಮೇಡಂ "ಬದಲಾಯಿಸಬಾರದೇ?" ಅಂದರು. ನಮ್ಮಮ್ಮ ಹೊಲಿದದ್ದು ಅಂದೆ.

ಒಂದು ಸಣ್ಣ ಟಾರ್ಚ್ ಕಳಿಸುತ್ತಿದ್ದೇನೆ. ದಿನಾ ಅವಳ ಬಾಯಿ ನೋಡಿ. ಈಗ ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತಿದೆ.

ನಿಮ್ಮ
ಚೋಟು

*

ಸೆಪ್ಟೆಂಬರ್ 2

ಚೋಟು,

ನನಗೆ ಗೊತ್ತಿತ್ತು. ಡಾಕ್ಟರಮ್ಮ ಟಾರ್ಚ್ ಹಾಕಿದ ಕ್ಷಣವೇ ಗೊತ್ತಾಯಿತು. ನೋಟ್‌ಬುಕ್ಕನ್ನು ಯಾಕೆ ನಿನ್ನ ಚೀಲಕ್ಕೆ ತುರುಕಿದೆ ಅಂದುಕೊಂಡೆ? ನೀನಾಗಿ ಓದಿ, ನೀನಾಗಿ ಹೇಳಲಿ ಅಂತ. ನಾಲ್ಕು ತಿಂಗಳು ತೆಗೆದುಕೊಂಡೆ. ಆ ನಾಲ್ಕು ತಿಂಗಳು ನಿನ್ನ ಮೇಲೆ ಸಿಟ್ಟಿನಿಂದ ಉರಿದುಕೊಂಡು ಬದುಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಆದರೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಒಳ್ಳೆಯ ಸುದ್ದಿ ಅಂತ ಬರೆದವಳು ನಾನು. ನೀನು ಕಾಗದದಲ್ಲಿ ಓದಿದೆ. ನಾನು ಒಂದು ಮೊಳ ದೂರದಲ್ಲಿ ಕೂತು ಅವರ ಬಾಯನ್ನೇ ನೋಡುತ್ತಿದ್ದೆ. ನಿನ್ನ ಮಾತು ಕೇಳದೆ ಅವರನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ನಿನ್ನನ್ನು ಕ್ಷಮಿಸಿದೆ ಅಂತ ಬರೆಯಲು ನನಗೆ ಬರುತ್ತಿಲ್ಲ. ನನ್ನನ್ನೂ ಕ್ಷಮಿಸು ಅಂತ ಕೇಳುವುದಿಲ್ಲ. ಇಬ್ಬರೂ ಹೀಗೇ ಇರೋಣ.

ವಾಪಸು ಬರುವುದಿಲ್ಲ ಅಂದೆಯಲ್ಲ. ಸರಿ. ಅವರ ಹೆಸರಿನ ಬೋರ್ಡು ಇನ್ನೂ ಬಾಗಿಲ ಮೇಲಿದೆ. ಹೊಸ ಗಿರಾಕಿಗಳು ಬಂದು ಅವರನ್ನೇ ಕೇಳುತ್ತಾರೆ. ಇಲ್ಲೇ ಕೂತಿದ್ದಾರೆ ಅಂತ ತೋರಿಸುತ್ತೇನೆ.

ಟಾರ್ಚ್ ಬಂತು. ಮೊದಲ ದಿನ ಬಾಯಿ ತೆರೆಯಿರಿ ಅಂದರೆ ತುಟಿ ಬಿಗಿ ಹಿಡಿದು ತಲೆ ಆಡಿಸಿದರು. ನಾನು ಗದರಿದೆ, ಬೇಡಿಕೊಂಡೆ, ಕೇಳಲಿಲ್ಲ. ಆಮೇಲೆ ಅವರೇ ನನ್ನ ಕೈಯನ್ನು ಎಳೆದು ಅಂಗೈ ಬಿಡಿಸಿದರು. ತುಟಿಯ ಎಡ ಮೂಲೆಯಿಂದ ಎರಡು ಬೆರಳಲ್ಲಿ ಏನನ್ನೋ ಹಿಡಿದು ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ಬೆರಳಲ್ಲಿ ಏನೂ ಇರಲಿಲ್ಲ. ಇನ್ನೊಂದು ತೆಗೆದರು, ಇನ್ನೊಂದು. ಆಮೇಲೆ ಬಲ ಮೂಲೆಯಿಂದ ಮೂರು. ನನಗೆ ಚುಚ್ಚದಿರಲಿ ಅಂತ ಬಹಳ ಜಾಗ್ರತೆಯಿಂದ ಇಡುತ್ತಿದ್ದರು.

ಈಗ ದಿನಾ ಹೀಗೆಯೇ. ಆರೂ ನನ್ನ ಕೈಗೆ ಬಂದ ಮೇಲೆ ಅಂಗೈ ಮುಚ್ಚಿಕೊಳ್ಳುತ್ತೇನೆ. ಆಗ ಅವರು ಬಾಯಿ ತೆರೆಯುತ್ತಾರೆ. ಟಾರ್ಚ್ ಹಾಕಿ ಮೂಲೆ ಮೂಲೆ ನೋಡುತ್ತೇನೆ. ಎಲ್ಲ ಚೆನ್ನಾಗಿದೆ, ಚೋಟು. ವಸಡು ತಿಳಿ ಗುಲಾಬಿಯಾಗಿದೆ, ಗಾಯ ಪೂರ್ತಿ ಕೂಡಿದೆ.

ನಿನ್ನ ಅತ್ತಿಗೆ